ತಲಘಟ್ಟಪುರದಿಂದ ಗೊಂಬೆಯೂರಿಗೆ

ಬೆಂಗಳೂರಿನಿಂದ ತೆಂಕಣಕ್ಕೆ ಕನಕಪುರದ ರಸ್ತೆಯನ್ನು ಹಿಡಿದು ಹೊರಟರೆ ಬನಶಂಕರಿ, ಜರಗನಹಳ್ಳಿ, ಕೋಣನಕುಂಟೆ, ವಾಜರಹಳ್ಳಿಗಳನ್ನು ದಾಟಿದ ಬಳಿಕ ತಲಘಟ್ಟಪುರವು ಸಿಕ್ಕುವುದು. ನಾವು ಇದನ್ನು ಇನ್ನೂ ಊರೆಂದು ಕರೆಯುವುದು ಅಭ್ಯಾಸಬಲದಿಂದಲೇ ಹೊರತು ಬೇರೆ ಕಾರಣವಿಲ್ಲ. ೨೦೨೧ನೆಯ ಇಸವಿಯ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಇತ್ತ ಆರು ಕಿಲೋಮೀಟರಿಗೆ ತುಸು ಮೀರಿದ ಮೆಟ್ರೋ ಮಾರ್ಗವು ತೆರೆಯಿತು. ಅಂದಿನಿಂದ ನಗರವು ಊರಿನ ಹೊಸ್ತಿಲನ್ನು ದಾಟಿ ನಡುಮನೆಗೆ ಬಂದು ಕುಳಿತಂತಾಗಿದೆ. ನಮ್ಮ ನಿಲ್ದಾಣದ ಮುಂದಿನದೇ ಆ ಮಾರ್ಗದ ಕಡೆಯ ನಿಲ್ದಾಣ. ಅದಕ್ಕೆ ‘ರೇಷ್ಮೆ ಸಂಸ್ಥೆ’ ಎಂದು ಹೆಸರು. ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಇಲ್ಲಿ ಇರುವುದರಿಂದ ಆ ಹೆಸರು ಬಂದಿದೆ. ಬಹುಮಹಡಿಯ ಕಟ್ಟಡಗಳ ನಡುವೆ ಹಿಪ್ಪುನೇರಳೆಯ ಹಸುರನ್ನು ಕಂಡಾಗ, ಈ ಸೀಮೆಯು ಮೊದಲು ಏನಾಗಿದ್ದಿತೆಂಬುದು ನೆನಪಿಗೆ ಬರುವುದು. ಹತ್ತಿರದಲ್ಲಿಯೇ ತುರಹಳ್ಳಿಯ ಕಾಡೂ, ಅದರ ದೊಡ್ಡ ದೊಡ್ಡ ಬಂಡೆಗಳೂ ಇವೆ. ಬೇಸರವಾದ ಮನಸ್ಸಿಗೆ ಇದಕ್ಕಿಂತ ಬೇರೆ ಔಷಧವು ಬೇಡ. ಆದರೆ ಹತ್ತಿರವಿರುವ ವಸ್ತುವನ್ನು ‘ನಾಳೆ ನೋಡಿದರಾಯಿತು’ ಎಂದು ಮುಂದೂಡುವುದು ಮನುಷ್ಯನ ಸ್ವಭಾವವಷ್ಟೆ.

ಈ ಊರಿನಲ್ಲಿ ನಮ್ಮದೊಂದು ಚಿಕ್ಕ ಮನೆಯಿದೆ. ನಮ್ಮ ತಂದೆಯವರು ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತಿಯನ್ನು ಪಡೆದ ಮೇಲೆ ಕಟ್ಟಿಸಿದುದು. ಅವರು ಈಗಿಲ್ಲ. ತಾಯಿಯವರು, ನಾವು ದಂಪತಿಗಳು, ಒಂಬತ್ತು ವರುಷದ ಮಗಳು, ಇಷ್ಟೇ ಸಂಸಾರ. ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ನವರಾತ್ರಿಯ ಗೊಂಬೆಗಳು. ತಾಯಿಯವರ ಮದುವೆಯಲ್ಲಿ ಅವರ ತವರಿನವರು ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ, ಅದರಲ್ಲಿಯೇ ಹಳೆಯ ಸೀರೆಯ ಮಡಿಕೆಯೊಳಗೆ ಹನ್ನೊಂದು ತಿಂಗಳು ಮಲಗಿದ್ದು, ಹನ್ನೆರಡನೆಯ ತಿಂಗಳಿನಲ್ಲಿ ಎದ್ದು ಮೆಟ್ಟಿಲೇರಿ ನಿಲ್ಲುವುವು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ಪದ್ಧತಿಯು ವಾಚಕರಿಗೆ ಹೊಸದಲ್ಲ. ಬೆಳೆದ ಮಕ್ಕಳೂ ವರುಷಕ್ಕೊಮ್ಮೆ ಗೊಂಬೆಗಳ ಮುಂದೆ ಕುಳಿತುಕೊಳ್ಳಲಿ ಎಂದು ನಮ್ಮ ಹಿರಿಯರು ಪಂಚಾಂಗದಲ್ಲಿಯೇ ಒಂಬತ್ತು ದಿನಗಳನ್ನು ಕಾದಿರಿಸಿದಂತೆ ತೋರುವುದು.

ಹೋದ ವರುಷ ನವರಾತ್ರಿಗೆ ಎರಡು ವಾರ ಮುಂಚೆ, ಒಂದು ಶನಿವಾರ, ಗೊಂಬೆಗಳಿಗೆ ಬಿಸಿಲು ತೋರಿಸಬೇಕೆಂದು ತಾಯಿಯವರು ಹೇಳಿದುದರಿಂದ ಟ್ರಂಕನ್ನು ಇಳಿಸಿದೆವು. ಎಲ್ಲವನ್ನೂ ತೆಗೆದಾದ ಮೇಲೆ ತಳದಲ್ಲಿ ಒಂದು ಕರವಸ್ತ್ರದ ಗಂಟು ಕಂಡಿತು. ಬಿಚ್ಚಿ ನೋಡಲು ಒಂದು ಮರದ ಕುದುರೆ! ಗೇಣುದ್ದದ ಹಲಗೆಯ ಮೇಲೆ ನಿಂತ ಕೆಂಪು ಕುದುರೆ. ಕೊರಳಲ್ಲಿ ಹಳದಿಯ ಪಟ್ಟೆ. ಎಳೆಯಲು ದಾರ ಕಟ್ಟುವ ತೂತು. ಗಾಲಿಗಳು ನಾಲ್ಕಿರಬೇಕಾದಲ್ಲಿ ಮೂರೇ ಇದ್ದುವು. ನಾಲ್ಕನೆಯದು ಎರಡು ಹೋಳಾಗಿ ಅದೇ ಗಂಟಿನೊಳಗೆ ಬಿದ್ದಿದ್ದಿತು. ನಾವು ಅದನ್ನು ಕಂಡು ನಲವತ್ತು ವರುಷಗಳಿಗಿಂತ ಹೆಚ್ಚಾಗಿದ್ದಿತು. ಆದರೂ ಅದರ ಬೆನ್ನಿನ ಮೇಲೆ ಬೆರಳಿಟ್ಟೊಡನೆ, ಬಣ್ಣವು ಎಲ್ಲಿ ಸವೆದಿದೆಯೆಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು.

ಅಂದು ರಾತ್ರಿ ಊಟವಾದ ಮೇಲೆ ಮಗಳು ಒಂದು ಚಲಚ್ಚಿತ್ರವನ್ನು ಹಾಕಿಸಿದಳು. ೨೦೧೮ರಲ್ಲಿ ಡಿಸ್ನಿ ಸಂಸ್ಥೆಯವರು ತೆರೆಗೆ ತಂದ ‘ಕ್ರಿಸ್ಟೋಫರ್ ರಾಬಿನ್’ ಎಂಬುದು ಅದರ ಹೆಸರು. ಮಾರ್ಕ್ ಫಾರ್ಸ್ಟರ್ ಎಂಬುವರು ಅದರ ನಿರ್ದೇಶಕರು. ಇವಾನ್ ಮೆಕ್‌ಗ್ರೆಗರ್ ಎಂಬುವರು ಮುಖ್ಯ ಪಾತ್ರಧಾರಿ. ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಕ್ರಿಸ್ಟೋಫರನು ಬಾಲ್ಯದಲ್ಲಿ ಒಂದು ಕರಡಿಯ ಗೊಂಬೆಯೊಡನೆಯೂ ಅದರ ಗೆಳೆಯರೊಡನೆಯೂ ಕಾಡಿನಲ್ಲಿ ಆಡಿ ಬೆಳೆದವನು. ಬಳಿಕ ವಸತಿಶಾಲೆ, ತಂದೆಯ ಮರಣ, ಮದುವೆ, ಮಹಾಯುದ್ಧ. ಕಡೆಗೆ ಲಂಡನ್ನಿನಲ್ಲಿ ಪ್ರಯಾಣದ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಉದ್ಯೋಗ. ವಾರದ ಕೊನೆಯಲ್ಲಿ ಹಳ್ಳಿಯ ಮನೆಗೆ ಒಟ್ಟಿಗೆ ಹೋಗೋಣವೆಂದು ಹೆಂಡತಿಗೂ ಮಗಳಿಗೂ ಮಾತು ಕೊಟ್ಟಿರುತ್ತಾನೆ. ಆದರೆ ಕಂಪನಿಯ ಖರ್ಚನ್ನು ಕಡಮೆ ಮಾಡುವ ಲೆಕ್ಕಾಚಾರವನ್ನು ಮೇಲಧಿಕಾರಿಯು ಅವನ ತಲೆಗೆ ಕಟ್ಟುತ್ತಾನೆ. ಮಾತು ತಪ್ಪುತ್ತದೆ, ತಾಯಿಮಗಳು ತಾವಿಬ್ಬರೇ ಹೋಗುತ್ತಾರೆ. ಆಗ ಆ ಹಳೆಯ ಕರಡಿಯು ತನ್ನ ಗೆಳೆಯರನ್ನು ಹುಡುಕುತ್ತ ಅವನ ಬಳಿಗೇ ಬರುವುದು. ಅದರಿಂದ ಅವನ ಕಾಗದಪತ್ರಗಳು ಚೆಲ್ಲಾಪಿಲ್ಲಿಯಾಗಿ, ಬುದ್ಧಿಯು ನೆಟ್ಟಗಾಗುವುದು. ಕೆಲಸಗಾರರಿಗೆಲ್ಲ ಸಂಬಳಸಹಿತ ರಜವನ್ನು ಕೊಟ್ಟರೆ ಅವರು ಪ್ರಯಾಣ ಹೊರಡುವರು, ಹೊರಟವರು ಪೆಟ್ಟಿಗೆಗಳನ್ನು ಕೊಳ್ಳುವರು ಎಂದು ಅವನು ಕಂಪನಿಗೆ ಸೂಚಿಸುವಲ್ಲಿ ಕಥೆಯು ಮುಗಿಯುವ ಹಾದಿಗೆ ಬರುವುದು.

ಚಿತ್ರವು ಮುಗಿದಾಗ ಮಗಳು ಏನನ್ನೂ ಹೇಳಲಿಲ್ಲ. ನಾವೂ ಏನನ್ನೂ ಹೇಳಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿಯೂ ಒಂದು ಮಾತು ತಪ್ಪಿದ್ದಿತು. ತುರಹಳ್ಳಿಯ ಬಂಡೆಗಳನ್ನು ಹತ್ತಿಸಿಕೊಂಡು ಬರುವೆವೆಂದು ಮಗುವಿಗೆ ಹೇಳಿದ್ದೆವು. ಮೊದಲನೆಯ ಭಾನುವಾರ ಕಚೇರಿಯ ಕೆಲಸವಿದ್ದಿತು, ಎರಡನೆಯದರಲ್ಲಿ ನಿದ್ರೆಯಿದ್ದಿತು, ಮೂರನೆಯದರಲ್ಲಿ ಕಾರಣವೇನಿದ್ದಿತೆಂಬುದು ನೆನಪಿಗೂ ಇಲ್ಲ. ನಾಲ್ಕನೆಯ ಭಾನುವಾರ ಮಗು ಕೇಳಲೇ ಇಲ್ಲ. ಆಗ ನಮಗೆ ನೆಮ್ಮದಿಯೆನಿಸಿದ್ದಿತು. ಮಗುವು ಕೇಳುವುದನ್ನು ನಿಲ್ಲಿಸಿದುದನ್ನು ಸಮಾಧಾನವೆಂದು ಭಾವಿಸಿದ ನಮ್ಮ ತಪ್ಪು ಆ ಶನಿವಾರದ ರಾತ್ರಿ ನಮಗೆ ಗೋಚರವಾಯಿತು.

ಈ ಚಿತ್ರದ ಹಿಂದೆ ನಿಜವಾದ ಒಬ್ಬ ಕ್ರಿಸ್ಟೋಫರ್ ರಾಬಿನ್ ಇದ್ದರು. ಇಂಗ್ಲೆಂಡಿನ ಗ್ರಂಥಕರ್ತರಾದ ಎ. ಎ. ಮಿಲ್ನ್ ಅವರ ಮಗ, ೧೯೨೦ರಲ್ಲಿ ಹುಟ್ಟಿದವರು. ಅವರ ಮೊದಲನೆಯ ಹುಟ್ಟುಹಬ್ಬಕ್ಕೆ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಿಂದ ಕೊಂಡ ಕರಡಿಯೇ ಮುಂದೆ ತಂದೆಯ ಕಥೆಗಳಲ್ಲಿ ‘ವಿನ್ನಿ ದ ಪೂ’ ಆಯಿತು. ೧೯೨೬ ಮತ್ತು ೧೯೨೮ರಲ್ಲಿ ಪ್ರಕಟವಾದ ಆ ಕಥೆಗಳು ಲೋಕವನ್ನೆಲ್ಲ ಸುತ್ತಿದುವು. ಆದರೆ ಆ ಕೀರ್ತಿಯು ಮಗನಿಗೆ ಭಾರವಾಯಿತೆಂಬುದು ಅವರು ಬರೆದ ಆತ್ಮಕಥೆಯಿಂದಲೇ ತಿಳಿದುಬರುವುದು. ಅವರು ಡಾರ್ಟ್‌ಮತ್ ಎಂಬ ಊರಿನಲ್ಲಿ ಪುಸ್ತಕದ ಅಂಗಡಿಯನ್ನಿಟ್ಟು ಬಾಳಿ, ೧೯೯೬ರಲ್ಲಿ ತೀರಿಕೊಂಡರು. ಆ ಗೊಂಬೆಗಳು ಅವರ ಮನೆಗೆ ಹಿಂದಿರುಗಲಿಲ್ಲ. ೧೯೮೭ರಿಂದ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇವೆ. ಚಿತ್ರದಲ್ಲಿ ಕರಡಿಯು ಒಡೆಯನನ್ನು ಹುಡುಕಿಕೊಂಡು ಬರುವುದು. ನಿಜವಾದ ಬಾಳಿನಲ್ಲಿ ಗೊಂಬೆಯು ತಾನಾಗಿ ನಡೆದು ಬರಲಾರದು, ನಾವೇ ಹೋಗಬೇಕು.

ಮರುದಿನ ಬೆಳಗಾಗುವುದರೊಳಗೆ ನಾವು ನಿಶ್ಚಯಿಸಿಯಾಗಿದ್ದಿತು. “ಚನ್ನಪಟ್ಟಣಕ್ಕೆ ಹೋಗಿ ಕುದುರೆಗೆ ಗಾಲಿ ಹಾಕಿಸಿಕೊಂಡು ಬರೋಣ” ಎಂದೆವು. ಮಗುವು ಕುದುರೆಯನ್ನು ತನ್ನ ಶಾಲೆಯ ಚೀಲದೊಳಗೆ ಇಟ್ಟುಕೊಂಡಳು. ಮಾತ್ರ ನಮ್ಮ ಮುಖವನ್ನು ಒಮ್ಮೆ ಸಂದೇಹದಿಂದ ನೋಡಿದಳು. ಮಗುವಿನ ತಾಯಿಗೆ ಬೇರೊಂದು ಕೆಲಸವಿದ್ದುದರಿಂದ ಮನೆಯಲ್ಲಿಯೇ ಉಳಿದರು. ನಮ್ಮ ತಾಯಿಯವರು “ನಾನೂ ಬರುವೆನಪ್ಪಾ” ಎಂದು ತಾವಾಗಿಯೇ ಹೊರಟು ನಿಂತುದು ನಮಗೆ ಆಶ್ಚರ್ಯ.

ಕನಕಪುರದ ರಸ್ತೆಯಿಂದ ನೈಸ್ ರಸ್ತೆಗೆ ತಿರುಗಿ ಮೈಸೂರಿನ ದಾರಿಯನ್ನು ಸೇರಿದೆವು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ನಡುವಣ ಪಟ್ಟಣಗಳನ್ನು ಬಳಸಿಕೊಂಡು ಓಡುವುದು; ನಮಗೆ ಬೇಕಾದುದು ಪಟ್ಟಣಗಳೇ ಆದುದರಿಂದ ಹಳೆಯ ರಸ್ತೆಯನ್ನೇ ಹಿಡಿದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿಯನ್ನು ತಿಂದಾಯಿತು. ರಾಮನಗರದ ಹೆಬ್ಬಂಡೆಗಳು ಎಡಬಲದಲ್ಲಿ ಎದ್ದುವು. ಇಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆಯು ನಾಡಿಗೆಲ್ಲ ಹೆಸರಾದುದು. ನಮ್ಮ ತಲಘಟ್ಟಪುರದ ಸಂಸ್ಥೆಯಲ್ಲಿ ಶೋಧಿಸುವ ಹುಳುವಿನ ಬೆಲೆಯು ಇಲ್ಲಿ ಹರಾಜಿನಲ್ಲಿ ತಿಳಿಯುವುದೆಂದು ಮಗುವಿಗೆ ಹೇಳಿದೆವು. ಮುಂದೆ ಜಾನಪದ ಲೋಕ. ಎಚ್. ಎಲ್. ನಾಗೇಗೌಡರು ಊರೂರು ತಿರುಗಿ ಕೂಡಿಸಿದ ನೇಗಿಲು, ಮೊರ, ಕಣಜ, ವಾದ್ಯಗಳನ್ನು ೧೯೯೪ರಲ್ಲಿ ತೆರೆದ ಈ ಸ್ಥಳದಲ್ಲಿ ಕಾಣಬಹುದು. ಅಲ್ಲಿಯ ತೊಗಲುಗೊಂಬೆಗಳನ್ನೂ ಸೂತ್ರದ ಗೊಂಬೆಗಳನ್ನೂ ನೋಡುತ್ತ ಅರ್ಧ ಗಂಟೆ ನಿಂತೆವು. ತಾಯಿಯವರು ಒಂದು ಮರದ ಜಗಲಿಯ ಮೇಲೆ ಕುಳಿತು, ಮಗುವು ದೂರಹೋಗುವುದನ್ನೇ ಕಾದಿದ್ದು, ಹೀಗೆಂದರು:

“ಆ ಗಾಲಿ ತಾನಾಗಿ ಮುರಿಯಲಿಲ್ಲ. ನಿನಗೆ ಮಗ್ಗಿ ಬರಲಿಲ್ಲವೆಂದು ನಿಮ್ಮ ತಂದೆಯವರು ಸಿಟ್ಟಿನಲ್ಲಿ ಕುದುರೆಯನ್ನು ಗೋಡೆಗೆ ಎಸೆದರು. ನೀನು ಅಳುತ್ತ ಮಲಗಿದೆ. ಆಮೇಲೆ ದೀಪ ಹಿಡಿದುಕೊಂಡು ಮಂಚದ ಕೆಳಗೆಲ್ಲ ಹುಡುಕಿ ಆ ಎರಡು ಹೋಳುಗಳನ್ನೂ ತೆಗೆದು ತಮ್ಮ ಕರವಸ್ತ್ರದಲ್ಲಿ ಕಟ್ಟಿಟ್ಟರು. ಮುಂದಿನ ತಿಂಗಳು ಮದ್ದೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು ಸರಿಮಾಡಿಸುವೆ ಎಂದರು. ಎಷ್ಟು ತಿಂಗಳು ಹಾಗೆಂದರೋ! ಮದ್ದೂರಿಗೆ ಹೋಗುವ ಬಸ್ಸು ಇದೇ ಊರಿನ ಮೇಲೆ ಹೋಗುತ್ತಿದ್ದಿತು.”

ನಮಗೆ ಆ ಸಿಟ್ಟು ನೆನಪಿದ್ದಿತು; ದೀಪ ಹಿಡಿದು ಹುಡುಕಿದುದು ತಿಳಿದಿರಲಿಲ್ಲ. ತಂದೆಯವರ ಮೇಲೆ ಇಷ್ಟು ವರುಷ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದ ಒಂದು ಸಣ್ಣ ದೂರಿಗೆ ಅರ್ಧ ಭಾಗದ ಉತ್ತರವು ಹೀಗೆ ಸಿಕ್ಕಿತು. ಉಳಿದರ್ಧಕ್ಕೆ ನಾವೇ ಉತ್ತರವನ್ನು ಕೊಡಬೇಕಾಗಿದ್ದಿತು. ಏಕೆಂದರೆ ‘ಮುಂದಿನ ತಿಂಗಳು’ ಎಂಬ ಮಾತನ್ನು ನಾವೂ ‘ಮುಂದಿನ ಭಾನುವಾರ’ ಎಂದು ಕಲಿತಿದ್ದೆವು.

ಚನ್ನಪಟ್ಟಣವು ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು. ಗೊಂಬೆಗಳಿಂದಲೇ ಹೆಸರಾದ ಊರು. ಟಿಪ್ಪು ಸುಲ್ತಾನನು ಪರ್ಷಿಯಾ ದೇಶದ ಕುಶಲಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಈ ಕೆಲಸವನ್ನು ಕಲಿಸಿದನೆಂಬ ಮಾತು ಊರಿನಲ್ಲಿ ಪರಂಪರೆಯಾಗಿ ಬಂದಿದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬವಾಸ್ ಮಿಯಾನ್ ಎಂಬುವರು ಜಪಾನಿನ ಅರಗಿನ ಕೆಲಸದ ಕ್ರಮಗಳನ್ನು ಇಲ್ಲಿ ರೂಢಿಗೆ ತಂದರೆಂದೂ ಹೇಳುವರು. ಇಲ್ಲಿಯ ಗೊಂಬೆಗೆ ೨೦೦೫-೦೬ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ಅಂದರೆ ಬೇರೆ ಕಡೆಯಲ್ಲಿ ಮಾಡಿದ ಗೊಂಬೆಯನ್ನು ಚನ್ನಪಟ್ಟಣದ್ದೆಂದು ಮಾರುವಂತಿಲ್ಲ.

ಹಳೆಯ ಊರಿನ ಒಂದು ಓಣಿಯಲ್ಲಿ ಲೇತಿನ ಸದ್ದನ್ನು ಕೇಳಿ ಒಳಹೊಕ್ಕೆವು. ಎಪ್ಪತ್ತರ ಸಮೀಪದ ಸಾಹೇಬರೊಬ್ಬರು ಕೆಲಸ ಮಾಡುತ್ತಿದ್ದರು. ಶುಕ್ರವಾರ ಅವರಿಗೆ ಬಿಡುವಾದುದರಿಂದ ಭಾನುವಾರದಲ್ಲಿಯೂ ಲೇತು ತಿರುಗುತ್ತಿದ್ದಿತು. ಕುದುರೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಏರಿಸಿ, “ಇದು ಹಳೆಯ ಕೈ ಸ್ವಾಮಿ. ಈ ಕುತ್ತಿಗೆಯ ಬಾಗು ಈಗ ಯಾರೂ ಮಾಡುವುದಿಲ್ಲ” ಎಂದರು. ಮಗುವು ಕರವಸ್ತ್ರವನ್ನು ಬಿಚ್ಚಿ ಎರಡು ಹೋಳುಗಳನ್ನು ಮುಂದಿಟ್ಟಳು. ಅವರು ಅವನ್ನು ಜೋಡಿಸಿ ನೋಡಿ, “ಇದನ್ನು ಇಟ್ಟುಕೊಂಡದ್ದು ಬಹಳ ಒಳ್ಳೆಯದಾಯಿತು. ಇಲ್ಲದಿದ್ದರೆ ತೂತಿನ ಅಳತೆ ತಪ್ಪುತ್ತಿತ್ತು, ಗಾಲಿ ಹಾಕಿದರೂ ಕುದುರೆ ಕುಂಟುತ್ತಿತ್ತು” ಎಂದರು. ತಾಯಿಯವರು ಸೆರಗನ್ನು ಸರಿಮಾಡಿಕೊಂಡು ಬೀದಿಯ ಕಡೆಗೆ ತಿರುಗಿ ನಿಂತರು.

ಈ ಕೆಲಸದ ರೀತಿಯನ್ನು ನೋಡದವರಿಗಾಗಿ ನಾಲ್ಕು ಮಾತು. ಇಲ್ಲಿಯ ಹಳೆಯ ಪದ್ಧತಿಯ ಮರವು ಹಾಲೆಮರ. ಊರಿನವರು ಆಲೆ ಎನ್ನುವರು. ಬಿಳುಪಾಗಿ, ನುಣುಪಾಗಿ, ಎಳೆ ಕಾಣದಂತಿರುವ ಮರ. ಕಡಿದ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಿಸಿ, ಬಳಿಕ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುವರು. ಎಲ್ಲವೂ ತಿರುಗುವ ಮರದ ಮೇಲೆಯೇ ಆಗುವುದರಿಂದ ಚನ್ನಪಟ್ಟಣದ ಗೊಂಬೆಯ ಅಂಗಗಳೆಲ್ಲ ಉರುಟು. ಮಗುವಿಗೆ ತಾಗುವ ಮೂಲೆಯೇ ಇರುವುದಿಲ್ಲ. ಕಡೆದಾದ ಮೇಲೆ ಬಣ್ಣ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುವರು. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಕುಂಚವಿಲ್ಲ, ಬೆಂಕಿಯಿಲ್ಲ. ಕಡೆಗೆ ಒಣಗಿದ ತಾಳೆಗರಿಯನ್ನು ಅದೇ ತಿರುಗುವ ಮರಕ್ಕೆ ಒತ್ತಿದೊಡನೆ ಬಣ್ಣವು ಒಂದೇ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ಅರಗನ್ನು ಕೊಡುವುದೂ ಒಂದು ಸಣ್ಣ ಹುಳುವೇ ಎಂದು ಕೇಳಿದಾಗ ಮಗುವಿಗೆ ಬಹು ಸಂತೋಷ: “ಅಜ್ಜಿಯ ಸೀರೆಯೂ ಹುಳುವಿನದು, ನನ್ನ ಕುದುರೆಯ ಬಣ್ಣವೂ ಹುಳುವಿನದು!”

ನಮ್ಮ ಕುದುರೆಯು ಅಷ್ಟರಲ್ಲಿಯೇ ಅವಳ ಕುದುರೆಯಾಗಿದ್ದಿತು.

“ಹಳೆಯ ಗಾಲಿಗಳ ಹಾಗೆ ಮಬ್ಬು ಮಾಡಿಕೊಡಲೇ, ಹೊಸದಾಗಿಯೇ ಇರಲೇ?” ಎಂದು ಸಾಹೇಬರು ಕೇಳಿದರು. ನಾವು ಮಬ್ಬಾದರೆ ಒಪ್ಪವೆಂದು ಹೇಳುವುದರೊಳಗೆ ಮಗುವು “ಹೊಸದೇ ಇರಲಿ, ಅರಿಸಿನದ ಬಣ್ಣ. ಯಾವುದನ್ನು ಸರಿಮಾಡಿದೆವು ಎಂದು ಕಾಣಬೇಕು” ಎಂದಳು. ಹತ್ತು ನಿಮಿಷದೊಳಗೆ ಗಾಲಿಯು ಕುಳಿತಿತು. ಅವರು ಕೇಳಿದುದು ಐವತ್ತು ರೂಪಾಯಿ. ನೂರನ್ನು ಕೊಡಹೋದಾಗ ಚಿಲ್ಲರೆಯನ್ನು ಎಣಿಸಿ ಹಿಂದಿರುಗಿಸಿದರು.

ಅವರ ಮಾತಿನಲ್ಲಿ ದುಃಖವೂ ಇದ್ದಿತು. ಹೊಸ ಹೆದ್ದಾರಿಯಾದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಊರಿನೊಳಕ್ಕೆ ಬಾರವು. ರಸ್ತೆಯ ಅಂಗಡಿಗಳ ವ್ಯಾಪಾರವು ಇಳಿದಿದೆ. ಪ್ಲಾಸ್ಟಿಕ್ಕಿನ ಆಟಿಕೆಯು ಅಗ್ಗ. ಅವರ ಮಗನು ಬೆಂಗಳೂರಿನಲ್ಲಿ ಬಾಡಿಗೆಯ ಕಾರನ್ನು ಓಡಿಸುತ್ತಾನೆ. “ಅವನಿಗೂ ಉಳಿ ಹಿಡಿಯಲು ಬರುತ್ತದೆ. ಆದರೆ ಕುಳಿತುಕೊಳ್ಳಲು ಹೊತ್ತಿಲ್ಲ” ಎಂದರು. ಹೊತ್ತಿಲ್ಲವೆಂಬ ಮಾತು ನಮ್ಮ ಕಿವಿಗೆ ಹೊಸದಲ್ಲವಷ್ಟೆ. ಆದರೂ ಊರಿನ ಕೆಲಸವು ನಿಂತಿಲ್ಲ. ಹೊಸ ಮಾದರಿಯ ಆಟಿಕೆಗಳನ್ನೂ ಮನೆಯ ಅಲಂಕಾರದ ವಸ್ತುಗಳನ್ನೂ ಮಾಡುವ ಹೆಂಗಸರನ್ನೂ ಯುವಕರನ್ನೂ ನಾವು ಪಕ್ಕದ ಕಾರ್ಖಾನೆಯಲ್ಲಿಯೇ ಕಂಡೆವು.

ಹೋಗಬಯಸುವ ಗೃಹಸ್ಥರಿಗೆ ಒಂದು ಸೂಚನೆ. ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಚನ್ನಪಟ್ಟಣಕ್ಕೆ ನಿಲ್ದಾಣವಿದೆ. ನಮ್ಮ ಕಡೆಯವರು ಕೆಂಗೇರಿಯಲ್ಲಿ ಹತ್ತಬಹುದು. ಅಂಗಡಿಯಲ್ಲಿ ಕೊಳ್ಳುವುದರ ಜೊತೆಗೆ ಓಣಿಯೊಳಗೆ ಹೋಗಿ ಲೇತನ್ನು ನೋಡಿ ಬನ್ನಿರಿ. ಅಟ್ಟದ ಮೇಲೆ ಮುರಿದ ಗಿಲಕಿಯೋ ಬುಗುರಿಯೋ ಗಾಡಿಯೋ ಇದ್ದರೆ, ಅದರ ಹೋಳುಗಳ ಸಹಿತ, ಜೊತೆಗೆ ಒಯ್ಯಿರಿ. ಗಾಜಿನೊಳಗಿಟ್ಟ ಗೊಂಬೆಯನ್ನು ನೋಡಬಹುದು. ಆಡಿಸಬೇಕಾದರೆ ಗಾಲಿಯಿರಬೇಕು, ಗಾಲಿಯನ್ನು ಕಡೆಯುವ ಕೈಯೂ ಇರಬೇಕು. ಆ ಕೈಗಳು ಕೆಲಸ ಮಾಡುತ್ತಿರುವಾಗಲೇ ಹೋಗುವುದು ಮೇಲು.

ಮನೆಗೆ ಬಂದಾಗ ಸಂಜೆಯಾಗಿದ್ದಿತು. ತಾಯಿಯವರು ಬಾಗಿಲಿನಲ್ಲಿಯೇ ಕುದುರೆಯನ್ನು ಕೇಳಿ ತೆಗೆದುಕೊಂಡು, ನಡುಮನೆಯ ನೆಲದ ಮೇಲಿಟ್ಟು, ದಾರವನ್ನು ಹಿಡಿದು ನಾಲ್ಕು ಹೆಜ್ಜೆ ಎಳೆದರು. ಕೆಂಪಿನ ಮೂರು, ಅರಿಸಿನದ್ದೊಂದು, ನಾಲ್ಕು ಗಾಲಿಗಳೂ ತಿರುಗಿದುವು, ಕುದುರೆಯು ಕುಂಟಲಿಲ್ಲ. ಕರವಸ್ತ್ರವನ್ನು ಒಗೆದು ಮಡಿಸಿ, ಹೋಳುಗಳನ್ನು ಮತ್ತೆ ಅದರಲ್ಲಿಯೇ ಕಟ್ಟಿ, ಟ್ರಂಕಿಗೆ ಸೇರಿಸಿದರು. ನವರಾತ್ರಿಯಲ್ಲಿ ಕುದುರೆಗೆ ಪಟ್ಟದ ಗೊಂಬೆಗಳ ಮುಂದಣ ಮೆಟ್ಟಿಲಿನಲ್ಲಿ ಸ್ಥಾನ ದೊರೆಯಿತು. ಎರಡನೆಯ ದಿನ ನೋಡಲು ಆ ಸ್ಥಾನವು ಬರಿದು! ಮಗುವು ಅದನ್ನು ಇಳಿಸಿಕೊಂಡು ಅಂಗಳದಲ್ಲಿ ಎಳೆಯುತ್ತಿದ್ದಳು. ನಾವು ಗದರಿಸಹೋದೆವು. “ಇರಲಿ ಬಿಡು. ರಾಜರಾಣಿಯರು ನಡೆದುಕೊಂಡೇ ಬರುತ್ತಾರೆ” ಎಂದರು ತಾಯಿಯವರು.

ಆ ಭಾನುವಾರದ ರಾತ್ರಿಯ ಮಾತೊಂದು ಉಳಿದಿದೆ. ಮಲಗಹೋಗುವ ಮುನ್ನ ಮಗುವು ಬಾಗಿಲ ಬಳಿ ನಿಂತು, “ಅಪ್ಪಾ, ಬರುವ ಭಾನುವಾರ ತುರಹಳ್ಳಿಗೆ ಹೋಗೋಣವೇ?” ಎಂದು ಕೇಳಿದಳು. ಆರು ವಾರಗಳ ಮೇಲೆ ಮತ್ತೆ ಕೇಳಿದ ಮಾತು. ಹೋಗಿಬಂದೆವು.